ಭಾರ ಎತ್ತುವ ಮೇಷ್ಟ್ರು

ಗೋದಾಮಿನ ಸೂಪರ್‌ವೈಸರ್ ಸಾಹೇಬರ ಕೈಗೆ ಸರ್ಟಿಫಿಕೇಟ್ ಬಂದ ದಿನದಿಂದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಬಗ್ಗುವಂತಿರಲಿಲ್ಲ. ಬಿದ್ದ ಚಮಚ ಎತ್ತಲು ಹೆಂಡತಿ ಬಗ್ಗಿದರೂ ಸೋಫಾದಿಂದ ಅಪ್ಪಣೆ ಹೊರಡುತ್ತಿತ್ತು: "ಮಂಡಿ ಮಡಚು! ಬೆನ್ನು ನೆಟ್ಟಗಿರಲಿ!" (ಎದ್ದು ಬಂದು ಚಮಚ ಎತ್ತಿಕೊಡುವ ಯೋಚನೆ ಮಾತ್ರ ಆ ಸೋಫಾದ ಕಡೆಯಿಂದ ಎಂದೂ ಬಂದದ್ದಿಲ್ಲ.)

ಬೆನ್ನು ಮುರಿಯದಂತೆ ಭಾರ ಎತ್ತುವ ಮಹಾವಿದ್ಯೆಯಲ್ಲಿ ಅವರು ಪಾಸಾಗಿದ್ದರು. ಆದರೆ ಅದನ್ನು ಬೇರೆಯವರಿಗೆ ಕಲಿಸಲು ಮಾನ್ಯತೆ ಪಡೆದ ತರಬೇತುದಾರರಾಗಬೇಕಿದ್ದರೆ ಇನ್ನೊಂದು ಗಂಡಾಂತರ ದಾಟಬೇಕಿತ್ತು. ಪರೀಕ್ಷಕಿ ವಿಡಿಯೋ ಕರೆಯಲ್ಲಿ ನೋಡುತ್ತಿರುವಾಗ ಒಂದು ಪಾಠ ಮಾಡಿ ತೋರಿಸಬೇಕು. ಗೋದಾಮಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ ಅವರಿಗೆ, ಮೈಕ್ ಹಿಡಿದು "ಸರ್" ಅನ್ನಿಸಿಕೊಳ್ಳುವ ಆಸೆ ಬಹಳ ದಿನದ್ದು. ಅದು ಕೈತಪ್ಪೀತೆಂಬ ಭಯಕ್ಕೆ ಊಟವೂ ಸೇರುತ್ತಿರಲಿಲ್ಲ.

ಶಿಷ್ಯರು ಬೇಕಲ್ಲ? ಹೆಂಡತಿಗೂ ಅತ್ತೆಗೂ ದುಂಬಾಲು ಬಿದ್ದರು.

"ಕೊನೇಲಿ ನನ್ನ ಬಗ್ಗೆ ನಿಮ್ಮ ಅಭಿಪ್ರಾಯ ಕೇಳ್ತಾರೆ. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋಬೇಡಿ. ಮನಸ್ಸು ಬಿಚ್ಚಿ ಹೇಳ್ಬೇಕು."

"ಆಮೇಲೆ ನೀವು ರೇಗಿದ್ರೆ?" ಎಂದಳು ಹೆಂಡತಿ.

"ರೇಗೋ ಹಾಗಿಲ್ಲ ಕಣೇ. ಶಿಷ್ಯರು ಏನಂದ್ರೂ ಎದುರು ಮಾತಾಡದೆ 'ಥ್ಯಾಂಕ್ಸ್' ಅನ್ಬೇಕು. ತರಬೇತುದಾರನ ಧರ್ಮ ಅದು!"

ಹೆಂಡತಿ ಮಡಚುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. "ಏನಂದ್ರೂನಾ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಪರೀಕ್ಷೆಯ ದಿನ ಹಾಲ್‌ನ ನಟ್ಟನಡುವೆ ಬಹುಕಾಲದಿಂದ ಠಿಕಾಣಿ ಹೂಡಿದ್ದ ಟ್ರಂಕೇ ಪಾಠದ ಸಾಮಗ್ರಿಯಾಯಿತು. ಸಾಹೇಬರು ಟ್ರಂಕಿನ ಮೇಲೆ ಕೈಯಿಟ್ಟು ವಿವರಿಸಿದರು, ಹೆಂಡತಿ ಒಂದು ಸಲ ಎತ್ತಿ ಇಳಿಸಿದಳು, ಅತ್ತೆ ತಲೆದೂಗಿದರು. ಎಲ್ಲ ಸುಸೂತ್ರವಾಗಿ ಮುಗಿದ ಮೇಲೆ ಪರೀಕ್ಷಕಿ ಕೇಳಿದರು:

"ತರಬೇತುದಾರರ ಬಗ್ಗೆ ಏನ್ ಹೇಳ್ತೀರಿ?"

"ಪಾಠ ಚೆನ್ನಾಗಿತ್ತು ಮೇಡಂ," ಎಂದಳು ಹೆಂಡತಿ. "ಆದ್ರೆ ಈ ಟ್ರಂಕ್ ಅಟ್ಟಕ್ಕೆ ಹಾಕಿ ಅಂತ ಬಾಯಿ ಬಡ್ಕೊಂಡು ನಂಗೆ ಸಾಕಾಗಿದೆ. ಇವ್ರು ಇದನ್ನ ಮುಟ್ಟಿದ್ದೇ ಇವತ್ತು."

ಸಾಹೇಬರ ಕಿವಿ ಕೆಂಪಾಯಿತು. "ಥ್ಯಾಂಕ್ಸ್."

"ಗ್ಯಾಸ್ ಸಿಲಿಂಡರ್ ನಾನೇ ಉರುಳಿಸ್ಕೊಂಡು ಬರ್ತೀನಿ. ಸರಿಯಾಗಿ ಆಗ್ಲೇ ಇವ್ರಿಗೆ ಸೊಂಟನೋವು ಬರುತ್ತೆ."

"ಥ್... ಥ್ಯಾಂಕ್ಸ್."

"ನಂದೂ ಒಂದಿದೆ," ಎಂದು ಅತ್ತೆ ಕುರ್ಚಿ ಮುಂದಕ್ಕೆಳೆದರು. "ಅಳಿಯಂದ್ರು ಉಂಡ ತಟ್ಟೆ ಕೂಡ ಎತ್ತಲ್ಲ. ಅದಕ್ಕೂ ತರಬೇತಿ ಬೇಕೇನೋ ಪಾಪ!"

ಸಾಹೇಬರು ಕೈ ಮುಗಿದರು. "ತುಂಬಾ ಥ್ಯಾಂಕ್ಸ್, ಅತ್ತೆ." ಕನಸೆಲ್ಲ ನೀರುಪಾಲಾಯಿತೆಂದು ಅವರಿಗೆ ಅಳುವೇ ಬಂತು.

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥ ಮಾತುಗಳನ್ನ ಇಷ್ಟು ಶಾಂತವಾಗಿ ಕೇಳಿಸ್ಕೊಂಡ ತರಬೇತುದಾರರನ್ನ ನಾನು ಇದುವರೆಗೆ ನೋಡಿಲ್ಲ. ಅಭಿನಂದನೆ, ನಿಮಗೆ ಮಾನ್ಯತೆ ಸಿಕ್ತು! ಅಂದ ಹಾಗೆ, ವರ್ಷ ವರ್ಷ ಇದನ್ನ ನವೀಕರಿಸ್ಬೇಕು. ಕಲಿಸಿದ್ದನ್ನ ನೀವು ಮಾಡ್ತಿದೀರಾ ಅಂತ ಇದೇ ಶಿಷ್ಯರನ್ನ ಕೇಳ್ತೀನಿ."

ಕರೆ ಮುಗಿಯಿತು. ಸಂತೋಷಕ್ಕೆ ಸಾಹೇಬರ ಕಣ್ಣು ತುಂಬಿತು. ಹೆಂಡತಿಯ ಕಣ್ಣೂ ತುಂಬಿತು; ಗೆದ್ದೇ ಗೆಲ್ಲುತ್ತಾರೆಂದು ಅವಳಿಗೆ ಮೊದಲಿಂದಲೂ ನಂಬಿಕೆಯಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಸೋಫಾದಲ್ಲಿ ಸಾಹೇಬರ ಖಾಯಂ ಜಾಗದಲ್ಲೇ ಹಾಯಾಗಿ ಒರಗಿ ಕುಳಿತಳು.

"ಸರ್," ಎಂದಳು.

ಆ ಪದವನ್ನು ಅವರಿಗೆ ಮೊದಲು ಅಂದವಳು ಅವಳೇ. ಸಾಹೇಬರ ಎದೆ ಉಬ್ಬಿತು.

"ಸರ್, ಟ್ರಂಕು. ಮಂಡಿ ಮಡಚಿ, ಬೆನ್ನು ನೆಟ್ಟಗಿರಲಿ."

"ಥ್ಯಾಂಕ್ಸ್," ಎಂದು ಸಾಹೇಬರು ಮಂಡಿ ಮಡಚಿದರು.