ದಫೇದಾರನಿಗೆ ನಾಲ್ಕು ಹನಿ

ನಲವತ್ತು ವರ್ಷ ಬೀದಿಯಲ್ಲಿ ನಿಂತವನು ನಾನು. ಲಾಠಿ ತಿಂದಿದ್ದೇನೆ, ಹನ್ನೊಂದು ದಿನ ಊಟ ಬಿಟ್ಟಿದ್ದೇನೆ, ದೆವ್ವವಿಲ್ಲವೆಂದು ಜನಕ್ಕೆ ತೋರಿಸಲು ಸ್ಮಶಾನದಲ್ಲಿ ಚಾಪೆ ಹಾಸಿ ಗೊರಕೆ ಹೊಡೆದಿದ್ದೇನೆ. ಅಂಥ ನನಗೆ ಒಂದು ಬೆಕ್ಕಿನ ಬಾಯಿಗೆ ನಾಲ್ಕು ಹನಿ ಔಷಧಿ ಬಿಡುವುದು ಯಾವ ಘನಂದಾರಿ ಕೆಲಸ!

ಬೆಕ್ಕಿನ ಹೆಸರು ದಫೇದಾರ. ಖಾಕಿ ಬಣ್ಣ, ಬಿರುಸು ಮೀಸೆ, ಕರೆದಾಗ ಬರುವುದಿಲ್ಲ, ಬೇಡವೆಂದಾಗ ಬಾಗಿಲು ಕೆರೆಯುತ್ತಾನೆ. ಬೇರೆ ಯಾವ ಹೆಸರೂ ಒಪ್ಪುತ್ತಿರಲಿಲ್ಲ. ಮೊನ್ನೆ ಪಾರಿವಾಳವನ್ನು ದಸ್ತಗಿರಿ ಮಾಡಲು ಹೋಗಿ ಮಹಡಿಯಿಂದ ಬಿದ್ದು ಹಿಂಗಾಲು ಮುರಿದುಕೊಂಡ. ಪ್ರಾಣಿಗಳ ಡಾಕ್ಟರಮ್ಮ ಕಾಲಿಗೆ ಪಟ್ಟಿ ಸುತ್ತಿ, ನೋವಿಗೆಂದು ಕಂದು ಶೀಶೆಯೊಂದನ್ನು ಕೊಟ್ಟರು. ಬೆಳಿಗ್ಗೆ ನಾಲ್ಕು ಹನಿ, ಸಂಜೆ ನಾಲ್ಕು. ಸಣ್ಣ ಜೀವ, ಹೆಚ್ಚಾದರೆ ಉಸಿರೇ ನಿಲ್ಲಬಹುದು ಎಂದು ಎರಡು ಸಲ ಹೇಳಿ ಕಳಿಸಿದರು.

ಔಷಧಿ ಯಾರು ಹಾಕಬೇಕೆಂಬ ಮಾತೇ ನಮ್ಮ ಮನೆಯಲ್ಲಿ ಏಳಲಿಲ್ಲ. ನಾನೂ ನನ್ನ ಹೆಂಡತಿಯೂ ಒಂದೇ ಚಳವಳಿಯವರು. ತಲೆಮರೆಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಕಲಿತದ್ದೇ ಇಂದಿಗೂ ನಮ್ಮ ಸಂಸಾರದ ಕಾನೂನು. ಕೆಲಸ ಕಂಡರೆ ಮಾಡಿ ಮುಗಿಸು, ಮಾಡಿದೆನೆಂದು ಬಾಯಿ ಬಿಡಬೇಡ, ಇನ್ನೊಬ್ಬರನ್ನು ಕೇಳಲೂ ಬೇಡ. ಗೊತ್ತಿಲ್ಲದವರ ಬಾಯಿಂದ ಪೊಲೀಸರು ಏನು ಕಕ್ಕಿಸಿಯಾರು? ಅವಳು ಸ್ನಾನಕ್ಕೆ ಹೋದ ಹೊತ್ತಲ್ಲಿ ನಾನು ದಫೇದಾರನನ್ನು ಟವೆಲಿನಲ್ಲಿ ಸುತ್ತಿ, ದವಡೆ ಅಗಲಿಸಿ, ನಾಲ್ಕು ಹನಿ ಬಿಟ್ಟು, ಶೀಶೆಯನ್ನು ಇದ್ದಲ್ಲೇ ಇಟ್ಟೆ. ಮುಂಗೈ ಮೇಲೆ ಮೂರು ಗೀರು. ಅದೇನು ಲಾಠಿಗಿಂತ ಹೆಚ್ಚೇ?

ಎರಡನೆಯ ದಿನ ಮಧ್ಯಾಹ್ನ ಮನೆಯ ಕಳೆಯೇ ಬದಲಾಯಿತು.

ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ದಫೇದಾರ ಬುಟ್ಟಿಯಿಂದ ತಾನಾಗಿ ಇಳಿದ. ಮೂರು ಕಾಲಲ್ಲಿ, ಸದ್ದಿಲ್ಲದೆ, ನೀರಿನೊಳಗೆ ನಡೆಯುವವನಂತೆ ಹಾಲ್ ದಾಟಿ ಬೆತ್ತದ ಕುರ್ಚಿಯ ಮುಂದೆ ಕೂತ. ಅದು ಮೇಷ್ಟ್ರ ಕುರ್ಚಿ. ನಮ್ಮ ಸಂಘಟನೆಯ ಹಿರಿಯರು. ಪ್ರತಿ ಸಭೆಗೂ ಅದರಲ್ಲೇ ಕೂರುತ್ತಿದ್ದರು, ಹೋದ ವರ್ಷ ತೀರಿಕೊಂಡರು. ದಫೇದಾರ ಖಾಲಿ ಕುರ್ಚಿಯನ್ನು ನೋಡಿದ. ಅವನ ಹಳದಿ ಕಣ್ಣು ಪೂರ್ತಿ ಕಪ್ಪಾಗಿತ್ತು, ಎರಡು ಬಾವಿಗಳಂತೆ. ರೆಪ್ಪೆ ಬಡಿಯಲಿಲ್ಲ. ಆಮೇಲೆ ಅವನ ಕತ್ತು ನಿಧಾನವಾಗಿ ತಿರುಗತೊಡಗಿತು. ಯಾರೋ ಕುರ್ಚಿಯಿಂದ ಎದ್ದರು. ಮೇಜಿನ ಪಕ್ಕ ನಡೆದರು. ಪುಸ್ತಕದ ಬೀರು ದಾಟಿದರು. ನನ್ನ ಬೆನ್ನ ಹಿಂದೆ ಬಂದು ನಿಂತರು.

ನಾನು ತಿರುಗಲಿಲ್ಲ. ಹೆದರಿಕೆಯಿಂದಲ್ಲ, ಕತ್ತು ಹಿಡಿದಿತ್ತು.

ಮೂರನೆಯ ದಿನ, ದೆವ್ವವಿಲ್ಲ ಎಂಬ ನನ್ನ ಹಳೆಯ ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ ಕುರ್ಚಿಯನ್ನು ಹಿತ್ತಲಿಗೆ ಸಾಗಿಸಿದೆ. ದಫೇದಾರ ಬಂದು ಕುರ್ಚಿಯಿಲ್ಲದ ಜಾಗವನ್ನೇ ನೋಡುತ್ತ ಕೂತ. ಇದು ಇನ್ನೂ ಕೆಟ್ಟದಾಗಿತ್ತು. ಈಗ ಮೇಷ್ಟ್ರು ನಿಂತೇ ಇರಬೇಕಲ್ಲ! ಕುರ್ಚಿಯನ್ನು ವಾಪಸ್ ತಂದಿಟ್ಟು, ಧೂಳು ಒರೆಸಿದೆ. ಬೆಕ್ಕು ತಿನ್ನುವುದನ್ನು ಬಿಟ್ಟಿತ್ತು. ಕರೆದರೆ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಮುಟ್ಟಿದರೆ ಮೈ ತಣ್ಣಗೆ. ಅವನು ನಮ್ಮಿಂದ ಆ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆಂದು ಅನ್ನಿಸಿತು. ಕೊನೆಗೆ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಗ್ಗಿದ ದನಿಯಲ್ಲಿ ಹೇಳಿದೆ:

"ಮೇಷ್ಟ್ರೇ, ಅವತ್ತು ನಿಮ್ಮ ಠರಾವಿಗೆ ನಾನು ಕೈ ಎತ್ತಲಿಲ್ಲ, ಒಪ್ಕೋತೀನಿ. ಅದಕ್ಕೆ ನನ್ನನ್ನ ಕೇಳಿ. ಬೆಕ್ಕನ್ನ ಕರ್ಕೊಂಡ್ ಹೋಗ್ಬೇಡಿ."

"ಯಾರ ಹತ್ರ ರೀ ಮಾತು?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಲವತ್ತು ವರ್ಷದ ವಿಚಾರವಾದ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಿತ್ತು. ನಾನು ಎದ್ದು ನಿಲ್ಲುವಷ್ಟರಲ್ಲಿ ದಫೇದಾರ ಪಕ್ಕಕ್ಕೆ ವಾಲಿ ಬಿದ್ದ. ಕಣ್ಣು ತೆರೆದೇ ಇತ್ತು. ಹೊಟ್ಟೆ ಒಮ್ಮೆ ಏರಿತು, ಇಳಿಯಿತು. ಮತ್ತೆ ಏರುವಷ್ಟರಲ್ಲಿ ನಾನು ಹತ್ತು ಎಣಿಸಿದ್ದೆ.

ಬುಟ್ಟಿ ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ದಿನಕ್ಕೆ ಎಷ್ಟು ಹನಿ ಹಾಕಿದಿರೆಂದು ಕೇಳಿದರು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಎಂದು ಇಬ್ಬರೂ ಒಟ್ಟಿಗೆ ಒದರಿದೆವು.

"ಹಾಕ್ತಿರೋರು ಯಾರು?"

"ನಾನು," ಎಂದೆ ನಾನು.

"ನಾನು," ಎಂದಳು ಅವಳು.

ಡಾಕ್ಟರಮ್ಮ ನಮ್ಮಿಬ್ಬರ ಕಣ್ಣಿಗೂ ಟಾರ್ಚ್ ಬಿಡುವವರಂತೆ ನೋಡಿದರು. "ಇದಕ್ಕೆ ಅಮಲು ಏರಿದೆ. ಮೂರು ದಿನದಿಂದ ಏನೇನು ಕಾಣಿಸ್ತೋ, ಪಾಪ. ಒಂದೇ ಮನೇಲಿ ಇರ್ತೀರಿ ತಾನೇ? ಒಬ್ಬರನ್ನೊಬ್ಬರು ಕೇಳೋಕೇನು ಕಷ್ಟ?"

ಪೊಲೀಸರು ಮೂರು ರಾತ್ರಿ ಕೂರಿಸಿ ಕೇಳಿದಾಗಲೂ ನಾನು ಅಷ್ಟು ತಲೆ ತಗ್ಗಿಸಿರಲಿಲ್ಲ.

ಬೆಕ್ಕನ್ನು ಒಳಗೆ ಒಯ್ದು ಡ್ರಿಪ್ ಹಾಕಿದರು. ನಾವು ಹೊರಗಿನ ಬೆಂಚಿನ ಮೇಲೆ ಗೋಡೆಗಂಟಿ ಕೂತೆವು. ಎರಡು ಗಂಟೆ ಕಾಲ ಒಳಗಿಂದ ಒಂದು ಸದ್ದೂ ಇಲ್ಲ. ಆಮೇಲೆ ಕರ್ಕಶವಾದ, ದರ್ಪದ, ಅಪ್ಪಟ ದಫೇದಾರನ ಕೂಗು ಕೇಳಿತು. ಗಂಡಾಂತರ ಕಳೆಯಿತು, ಕಚ್ಚಲು ಬರುತ್ತಿದೆ ಎಂದು ಡಾಕ್ಟರಮ್ಮ ಒಳಗಿಂದಲೇ ಹೇಳಿದರು. ನಾನು ಕಣ್ಣೊರೆಸಿಕೊಂಡು ಎದ್ದೆ. ನೆಲ ಒಮ್ಮೆ ತೇಲಿತು, ಗೋಡೆ ಹಿಡಿದುಕೊಂಡೆ. ಈಚೆಗೆ ಎದ್ದಾಗಲೆಲ್ಲ ಹೀಗೇ ಆಗುತ್ತಿತ್ತು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ರೀ, ನಿಮ್ಮ ಬಿಪಿ ಮಾತ್ರೆ... ನೀವೇ ತಗೋತೀರಾ?"

"ದಿನಾ ಬೆಳಿಗ್ಗೆ, ಎದ್ದ ತಕ್ಷಣ. ಒಂದು ದಿನ ತಪ್ಪಿಸಿಲ್ಲ. ಯಾಕೇ?"

"ಮರೀತೀರೇನೋ ಅಂತ ನಾನೂ ದಿನಾ ಪುಡಿ ಮಾಡಿ ಕಾಫಿಗೆ ಹಾಕ್ತಿದ್ದೆ."

ನಾನು ಮೆಲ್ಲಗೆ ಬೆಂಚಿನ ಮೇಲೆ ಕೂತೆ. ಅವಳು ಒಳಗೆ ಇಣುಕಿ ಕರೆದಳು.

"ಡಾಕ್ಟರಮ್ಮ, ಸ್ವಲ್ಪ ಬರ್ತೀರಾ? ಇಲ್ಲಿ ಇನ್ನೊಂದು ಪ್ರಾಣಿ ಇದೆ."