ಬಾಣಂತಿಯಿಲ್ಲದ ಬಾಣಂತನ

ಮನೆಯಲ್ಲೇ ಕೂತು ದುಡಿಯುವ ಗಂಡಸಿಗೆ ಕೆಲಸವೇ ಇರುವುದಿಲ್ಲ ಎಂಬುದು ನಮ್ಮ ಮನೆಯ ಸಂವಿಧಾನದ ಮೊದಲನೆಯ ವಿಧಿ. ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ನಾನು ತುಳಿಯುವ ಹೊಲಿಗೆ ಯಂತ್ರ ಸೈಕಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಭೂಮಿಗೆ ಎರಡು ಸುತ್ತು ಹಾಕಿ ಬಂದಿರುತ್ತಿದ್ದೆ. ಆದರೂ ನಲ್ಲಿ ಸೋರಿದರೆ, ಸಿಲಿಂಡರ್ ಬಂದರೆ, ಪಕ್ಕದ ಮನೆಯವರ ಬೀಗದ ಕೈ ಕಳೆದುಹೋದರೆ, "ನೀವು ಹೇಗೂ ಮನೇಲೇ ಇರ್ತೀರಲ್ಲ" ಎಂಬ ಒಂದೇ ಮಾತು. ಹೇಳುವವಳು ನನ್ನ ಹೆಂಡತಿ. ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡುವವಳು. (ನನ್ನ ರಕ್ತವನ್ನು ಮಾತ್ರ ಮನೆಯಲ್ಲೇ ಹೀರುತ್ತಾಳೆ ಎಂದು ಒಮ್ಮೆ ಚಟಾಕಿ ಹಾರಿಸಿದ್ದೆ. ಆ ವಾರ ಪೂರ್ತಿ ಅಡುಗೆ ನನ್ನದೇ.)

ಹೀಗಿರುವಾಗ ಬೀದಿಯ ಬೂದುಬಣ್ಣದ ಬೆಕ್ಕೊಂದು ನನ್ನ ಚೂರುಬಟ್ಟೆಯ ಬುಟ್ಟಿಯನ್ನೇ ಹೆರಿಗೆ ವಾರ್ಡು ಮಾಡಿಕೊಂಡು ಮೂರು ಮರಿ ಹಾಕಿತು. ಬಾಣಂತಿಯನ್ನು ಎಬ್ಬಿಸುವುದು ಹೇಗೆ ಎಂದು ಸುಮ್ಮನಿದ್ದೆ. ನಾಲ್ಕನೆಯ ದಿನ ರಸ್ತೆ ದಾಟಲು ಹೋದದ್ದು ಮರಳಿ ಬರಲಿಲ್ಲ. ಎದುರಿನ ಚಪ್ಪಲಿ ರಿಪೇರಿಯವನು ಬಂದು ಹೇಳಿದ. ಇಬ್ಬರೂ ಸೇರಿ ಅದನ್ನು ಹಿತ್ತಿಲಲ್ಲಿ ಹೂತೆವು. ಕೈ ತೊಳೆದು ಒಳಗೆ ಬಂದರೆ ಬುಟ್ಟಿಯೊಳಗಿನಿಂದ ಕೀಂ ಕೀಂ ಸದ್ದು.

"ರೀ, ಏನದು? ಮಿಷನ್ನಿಗೆ ಎಣ್ಣೆ ಬಿಟ್ಟಿಲ್ವಾ?" ಎನ್ನುತ್ತಾ ಹೆಂಡತಿ ಬಂದಳು. ವಿಷಯ ಕೇಳಿ, ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣೂ ಬಿಡದ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಮೂರು ಜೀವಗಳು ಒಂದರ ಹೊಟ್ಟೆಯಲ್ಲಿ ಒಂದು ತಾಯಿಯನ್ನು ಹುಡುಕುತ್ತಿದ್ದವು.

"ಒಂದು ಲೋಟ ಹಾಲು ತಂದು ಚಮಚದಲ್ಲಿ..." ಎಂದು ನಾನು ಬಾಯಿ ತೆಗೆದೆ.

"ಸುಮ್ನಿರಿ. ಕೊಂದುಬಿಡ್ತೀರ," ಎಂದಳು. ಬುಟ್ಟಿ, ನಾನು, ಅವಳು ಮೂವರೂ ಪಶುವೈದ್ಯೆಯ ಮುಂದೆ ಹಾಜರಾದೆವು.

ಆ ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ನನಗೆ ತಲೆ ತಿರುಗಿತು. ಹಸುವಿನ ಹಾಲು ಕೂಡದು. ಬೆಕ್ಕಿನ ಮರಿಗಳಿಗೆಂದೇ ಪುಡಿ ಸಿಗುತ್ತದೆ, ಅದನ್ನೇ ಕಲಸಬೇಕು. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಹಾಲು. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಬೋರಲಾಗಿಯೇ ಡ್ರಾಪರಿನಲ್ಲಿ ಕುಡಿಸಬೇಕು. ಎರಡೂವರೆ ಗಂಟೆಗೊಮ್ಮೆ.

"ಕುಡಿಸಿ ಆದ್ಮೇಲೆ ಒಂದಕ್ಕೂ ಎರಡಕ್ಕೂ ನೀವೇ ಮಾಡಿಸ್ಬೇಕು," ಎಂದರು. "ಅವಕ್ಕೆ ತಾನಾಗೇ ಬರಲ್ಲ. ತಾಯಿ ಇದ್ದಿದ್ರೆ ಹಿಂದುಗಡೆ ನೆಕ್ಕಿ ನೆಕ್ಕಿ ಮಾಡಿಸ್ತಿತ್ತು."

ನಾನು ಗಾಬರಿಯಿಂದ ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹತ್ತಿ ಸಾಕು," ಎಂದು ಡಾಕ್ಟರಮ್ಮ ನಕ್ಕರು. "ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಮೆಲ್ಲಗೆ ಒರೆಸಿ."

ದಾರಿಯಲ್ಲೇ ಅಧಿಕಾರ ವಿಂಗಡಣೆ ಆಯಿತು. ರಾತ್ರಿ ಪಾಳಿ ಅವಳದು. ಹಗಲು ಪಾಳಿ ಯಾರದು ಎಂದು ಕೇಳಬೇಡಿ. ನಾನು ಹೇಗೂ ಮನೆಯಲ್ಲೇ ಇರುತ್ತೇನಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕ ಕೇಳುತ್ತದೆ. ನಮ್ಮಲ್ಲಿ ಬೆಕ್ಕುಗಳೇ ನನಗೆ ಗಂಟೆ ಕಟ್ಟಿದವು: ಎಂಟು ಗಂಟೆ, ಹತ್ತೂವರೆ ಗಂಟೆ, ಒಂದು ಗಂಟೆ, ಮೂರೂವರೆ ಗಂಟೆ! ದೊಡ್ಡದಕ್ಕೆ ಗುಂಡಿ, ಎರಡನೆಯದಕ್ಕೆ ಕಾಜಾ, ತೀರಾ ಪುಟ್ಟದಕ್ಕೆ ಚಿಂದಿ ಎಂದು ವೃತ್ತಿಗೆ ತಕ್ಕ ನಾಮಕರಣ ಮಾಡಿದೆ. ಹೆಂಡತಿ ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಅವುಗಳ ತೂಕ ನೋಡಿ ಗೋಡೆಯ ಹಾಳೆಯಲ್ಲಿ ಬರೆಯುತ್ತಿದ್ದಳು. "ಚಿಂದಿ ನಿನ್ನೆಗಿಂತ ಎರಡು ಗ್ರಾಂ ಕಮ್ಮಿ. ಏನ್ಮಾಡಿದ್ರಿ ನೀವು?" ಎಂದು ನನ್ನ ವಿಚಾರಣೆ. (ಮದುವೆಯಾದ ಮೇಲೆ ನಾನು ಒಂಬತ್ತು ಕಿಲೋ ಇಳಿದಿದ್ದೇನೆ. ಅದಕ್ಕೆ ಯಾವ ಗೋಡೆಯಲ್ಲೂ ಹಾಳೆ ಇಲ್ಲ.)

ಆರನೆಯ ದಿನ ಚಿಂದಿ ಹಾಲು ಮುಟ್ಟಲಿಲ್ಲ. ಕೈಗೆತ್ತಿಕೊಂಡರೆ ಒದ್ದೆ ಬಟ್ಟೆಯಂತೆ ತಣ್ಣಗೆ. ಬಾಯಿ ತೆರೆದರೂ ಸದ್ದಿಲ್ಲ. ಹೆಂಡತಿಗೆ ಫೋನು ಮಾಡಿದೆ.

"ಹಾಲು ಹಾಕ್ಬೇಡಿ. ಮೊದಲು ಬಿಸಿ ಮಾಡಿ. ಮೈಗೆ ಅಂಟಿಸ್ಕೊಳ್ಳಿ," ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ಬಿಡ್ಬೇಡಿ ಕಣ್ರೀ ಅದನ್ನ," ಎಂದಳು.

ಅಂಗಿಯೊಳಗೆ, ಎದೆಗೆ ತಾಗಿಸಿ ಇಟ್ಟುಕೊಂಡೆ. ಬೀಳದಂತೆ ಹೊಟ್ಟೆಗೆ ಒಂದು ಪಟ್ಟಿ ಬಿಗಿದೆ. ಹಾಗೆ ಕೂತು ಐದು ನಿಮಿಷವಾಗಿಲ್ಲ, ಕೋಟು ಹೊಲಿಯಲು ಕೊಟ್ಟಿದ್ದ ವಕೀಲರೊಬ್ಬರು ಬಂದರು. ನಗುವುದನ್ನು ಕಾನೂನು ನಿಷೇಧಿಸಿದೆಯೇನೋ ಎಂಬಂಥ ಮುಖ. ಅರ್ಧ ಹೊಲಿದ ಕೋಟನ್ನು ಮೈಮೇಲೆ ಹಾಕಿ ನೋಡಬೇಕಿತ್ತು. ಆಮೇಲೆ ಬನ್ನಿ ಎನ್ನಲು ಧೈರ್ಯ ಸಾಲದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಸೊಂಟಕ್ಕೆ ಟೇಪು ಸುತ್ತಿದೆ. ಒಂದು ತೋಳಿದ್ದ ಕೋಟಿನಲ್ಲಿ ಅವರು ಸೆಟೆದು ನಿಂತಿದ್ದರು.

ಆಗ ನನ್ನ ಎದೆಯ ಮೇಲೆ ಏನೋ ಮಿಸುಕಿತು. ಮಿಸುಕಿದ್ದು ತೆವಳಿತು. ತೆವಳಿದ್ದು ಗಂಡಸರ ಎದೆಯಲ್ಲಿ ಹುಡುಕಬಾರದ್ದನ್ನು ಹುಡುಕಿ, ಸಿಕ್ಕಿತೆಂದು ತಿಳಿದು, ಬಲವಾಗಿ ಚೀಪಿತು.

"ಅಯ್ಯಯ್ಯೋ!" ಎಂದು ಕಿರುಚಿದೆ. ಸೂಜಿಗಳು ನೆಲದ ಪಾಲಾದವು.

ವಕೀಲರ ಮುಖ ಬಿಳಿಚಿಕೊಂಡಿತು. ಟೇಪನ್ನೂ ನನ್ನನ್ನೂ ನೋಡಿ, "ಅಷ್ಟೊಂದು ದಪ್ಪ ಆಗಿದ್ದೀನಾ?" ಎಂದರು.

ಉತ್ತರ ಕೊಡಲು ನನಗೆಲ್ಲಿ ಪುರುಸೊತ್ತು! ಅಂಗಿಯ ಗುಂಡಿ ಕಿತ್ತು ಚಿಂದಿಯನ್ನು ಹೊರತೆಗೆದೆ. ಬೆಚ್ಚಗಾಗಿತ್ತು. ಬಾಯಿ ಪಚಪಚ ಅನ್ನುತ್ತಿತ್ತು. "ಸ್ವಲ್ಪ ಹಿಡ್ಕೊಳ್ಳಿ ಸಾರ್, ಹಾಲು ಕಲಸ್ಕೊಂಡು ಬರ್ತೀನಿ," ಎಂದು ಅವರ ಅಂಗೈಯಲ್ಲಿ ಇಟ್ಟು ಅಡುಗೆಮನೆಗೆ ಓಡಿದೆ. ಮರಳಿ ಬಂದಾಗ ಅವರು ಸ್ಟೂಲಿನ ಮೇಲೆ ಕೂತು, ಹೊಲಿಗೆ ಮುಗಿಯದ ಕೋಟಿನ ಮಡಿಕೆಯಲ್ಲಿ ಅದನ್ನು ಮುಚ್ಚಿ, "ಬಂದ್ರು, ಬಂದ್ರು" ಎಂದು ಸಮಾಧಾನ ಮಾಡುತ್ತಿದ್ದರು.

"ಕೋಟು ಬಿಚ್ಚಿಕೊಡಿ ಸಾರ್, ಕೊಳೆ ಆಗುತ್ತೆ."

"ಕೊಳೆ ಆಗಿ ಆಯ್ತು. ಇದು ಕುಡಿಯೋವರೆಗೂ ನಾನು ಏಳಲ್ಲ."

ಒಂದೊಂದೇ ಹನಿ. ಐದನೆಯ ಹನಿಗೆ ಚಿಂದಿ ಡ್ರಾಪರನ್ನು ಎರಡೂ ಮುಂಗಾಲಲ್ಲಿ ಹಿಡಿದುಕೊಂಡಿತು. ನನ್ನ ಕಣ್ಣು ಮಂಜಾಯಿತು. ವಕೀಲರು ಚಾವಣಿಯಲ್ಲಿ ಬಹಳ ಹೊತ್ತು ಏನನ್ನೋ ಓದುತ್ತಿದ್ದರು.

ಸಂಜೆ ಬಂದ ಹೆಂಡತಿ ಚಪ್ಪಲಿ ಬಿಡುವ ಮೊದಲೇ, "ಎಷ್ಟು ಕುಡೀತು?" ಎಂದಳು. ಹೇಳಿದೆ. "ಹೂಂ," ಎಂದು ಕೈ ತೊಳೆಯಲು ಹೋದವಳು ಆ ದಿನ ನಲ್ಲಿಯ ಮುಂದೆ ಕಾಲು ಗಂಟೆ ನಿಂತಿದ್ದಳು. ಆಮೇಲೆ ಬಂದು, ಕೇಳದೆಯೇ ನನಗೆ ಕಾಫಿ ಕೊಟ್ಟಳು. ಎರಡು ಸಲ.

ದಿನಗಳು ಉರುಳಿದವು. ಮರಿಗಳು ಕಣ್ಣು ಬಿಟ್ಟವು, ಕಾಲು ಬಲಿತವು, ನನ್ನ ದಾರದ ಉಂಡೆಗಳ ಕತೆ ಮುಗಿಸಿದವು. ಮೂರನ್ನೂ ಸಾಕುವುದು ಆಗದ ಮಾತು. ನಿವೃತ್ತ ಹೆಡ್‌ಮೇಡಂ ಒಬ್ಬರು ಎರಡನ್ನು ತೆಗೆದುಕೊಳ್ಳಲು ಒಪ್ಪಿದರು. ಭಾನುವಾರ ಬಂದು ನೋಡುತ್ತಾರೆ. ತಾವಾಗಿ ತಟ್ಟೆಯಲ್ಲಿ ತಿನ್ನಲು ಕಲಿತ ಮೇಲೆ ಕರೆದೊಯ್ಯುತ್ತಾರೆ ಎಂದು ಮಾತಾಯಿತು.

ಕಲಿಯಬೇಕಲ್ಲ! ತಟ್ಟೆಯಲ್ಲಿ ಗಂಜಿಯಂತೆ ಕಲಸಿಟ್ಟರೆ ಗುಂಡಿ ಅದರಲ್ಲಿ ಕೂತಿತು, ಕಾಜಾ ಸೀನಿತು, ಚಿಂದಿ ತಟ್ಟೆಗೆ ಬೆನ್ನು ತಿರುಗಿಸಿ ಡ್ರಾಪರಿಗಾಗಿ ನನ್ನ ಜೇಬು ಹುಡುಕಿತು.

"ನೀವೇ ಮುದ್ದು ಮಾಡಿ ಕೆಡಿಸಿದ್ದು," ಎಂದಳು ಹೆಂಡತಿ.

"ನಾನೇನ್ ಮಾಡ್ಲಿ? ಅವಕ್ಕೆ ತೋರಿಸಿಕೊಡೋರು ಯಾರೂ ಇಲ್ವಲ್ಲ."

"ನೀವಿದ್ದೀರಲ್ಲ," ಎಂದು ಹೇಳಿ ಅವಳು ತರಕಾರಿಗೆ ಹೊರಟುಹೋದಳು.

ಅದು ತಮಾಷೆಯೋ ಆಜ್ಞೆಯೋ ತಿಳಿಯಲಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ಸಂಶಯ ಬಂದಾಗ ಆಜ್ಞೆಯೆಂದೇ ತಿಳಿಯುವುದು ಕ್ಷೇಮ. ಅಂದು ಭಾನುವಾರ ಬೆಳಗ್ಗೆ, ಅಂಗಡಿಗೆ ರಜೆ, ಮನೆಯಲ್ಲಿ ನರಪಿಳ್ಳೆ ಇಲ್ಲ. ಮೊಣಕಾಲೂರಿದೆ, ಕೈಯೂರಿದೆ, ತಟ್ಟೆಗೆ ಬಾಯಿ ಹಾಕಿದೆ. ಮರಿಗಳು ಸಾಲಾಗಿ ಕೂತು ನೋಡಿದವು. ನನಗೂ ಹುರುಪು ಬಂತು. ನಾಲಿಗೆ ಪೂರ್ತಿ ಚಾಚಿ ಲೊಚಲೊಚನೆ ನೆಕ್ಕಿದೆ; "ಮಿಯಾಂವ್, ಹೀಗೆ, ಹೀಗೆ," ಎಂದು ವ್ಯಾಖ್ಯಾನವನ್ನೂ ಕೊಟ್ಟೆ. ಗುಂಡಿ ಮುಂದೆ ಬಂದು ತಟ್ಟೆಗೆ ಬಾಯಿಟ್ಟಿತು! ಹಿಂದೆಯೇ ಕಾಜಾ! ಚಿಂದಿ ನನ್ನ ಮೀಸೆಯಲ್ಲಿದ್ದದ್ದನ್ನು ನೆಕ್ಕಲು ಶುರುಮಾಡಿತು. ಆನಂದದಿಂದ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಳ್ಳುತ್ತದಂತೆ. ನನಗೂ ಹಾಗೇ ಅನ್ನಿಸಿತು.

ಕಣ್ಣು ತೆರೆದಾಗ ಬಾಗಿಲಲ್ಲಿ ನಾಲ್ಕು ಕಾಲುಗಳು. ಎರಡು ನನ್ನ ಹೆಂಡತಿಯವು. ಇನ್ನೆರಡು ಹೆಡ್‌ಮೇಡಂ ಅವರವು. ದಾರಿಯಲ್ಲಿ ಸಿಕ್ಕಿ ಜೊತೆಯಲ್ಲೇ ಬಂದಿದ್ದರಂತೆ.

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಮೀಸೆಯನ್ನು ನೋಡಿದರು.

"ಏನಮ್ಮಾ," ಎಂದು ನನ್ನ ಹೆಂಡತಿಯ ಕಡೆ ತಿರುಗಿದರು. "ಇವುಗಳ ತಾಯಿ ಸತ್ತುಹೋಗಿದೆ ಅಂದಿದ್ರಲ್ಲ?"