ಬೇಲಿಯಾಚೆಯ ಕ್ಯಾಲೆಂಡುಲ

ದೇವರಿಗೆಂದು ಕಿತ್ತರೆ ಅದು ಕಳ್ಳತನವಲ್ಲ ಎಂದು ನಂಬಿಕೊಂಡೇ ಬೆಳೆದವಳು ನಾನು. ಮೈಸೂರಿನಲ್ಲಿ ಬೆಳಗಿನ ವಾಕಿಂಗ್‌ಗೆ ಹೊರಡುವ ಎಷ್ಟೋ ಮರ್ಯಾದಸ್ಥರ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಚೀಲವಿರುತ್ತದೆ; ವಾಪಸಾಗುವಾಗ ಅದು ಖಾಲಿ ಇರುವುದಿಲ್ಲ. ಈ ನಂಬಿಕೆಗೆ ವೀಸಾ ಸಿಗುವುದಿಲ್ಲವೆಂದು ನನಗೆ ತಿಳಿದದ್ದು ನಮ್ಮತ್ತೆ ನಾವಿರುವ ಪರದೇಶದ ಊರು ಜಾನ್ಸನ್‌ವಿಲ್‌ಗೆ ಬಂದ ಮೂರನೆಯ ದಿನ.

ಅಂದು ವಾಕಿಂಗ್ ಮುಗಿಸಿ ಬಂದವರ ಸೆರಗಿನ ತುಂಬ ಕಿತ್ತಳೆ ಬಣ್ಣದ ಹೂಗಳು. ಚೆಂಡುಹೂವೆಂದು ತಂದಿದ್ದರು. ಅದು ಕ್ಯಾಲೆಂಡುಲ. ಇಲ್ಲಿನ ಚಳಿಗೂ ಗಾಳಿಗೂ ಜಗ್ಗದೆ ಅರಳುವ, ಮುಟ್ಟಿದರೆ ಬೆರಳಿಗೆ ಅಂಟುವ ಹೂ. ಬೀದಿಯಲ್ಲಿ ಅದನ್ನು ಬೆಳೆದಿದ್ದವರು ಪಕ್ಕದ ಮನೆಯ ನಿವೃತ್ತ ಟೀಚರ್ ಮಾರ್ಗರೆಟ್ ಒಬ್ಬರೇ.

"ಅತ್ತೆ, ಇಲ್ಲಿ ಕೇಳ್ದೆ ಕೀಳಬಾರ್ದು!"

"ಬೇಲಿಯಿಂದ ಆಚೆ ಬಗ್ಗಿರೋ ಹೂ ರಸ್ತೇದು ಕಣೆ. ಅವರದ್ದು ಹೇಗಾಗತ್ತೆ?"

ಎಂಟು ವರ್ಷದ ಮಗಳು ಸೀರಿಯಲ್ ಬಟ್ಟಲಿನಿಂದ ತಲೆಯೆತ್ತಿ, "ಮಮ್, ದಟ್ಸ್ ಸ್ಟೀಲಿಂಗ್" ಎಂದು ತೀರ್ಪು ಕೊಟ್ಟಳು.

ಮಾನ ಉಳಿಸಿಕೊಳ್ಳಲು ಶನಿವಾರವೇ ಅದೇ ಹೂವಿನ ಹನ್ನೆರಡು ಸಸಿ ತಂದು ನೆಟ್ಟೆ. ವಿಡಿಯೋ ನೋಡಿ ಗೊಬ್ಬರ ಹಾಕಿದೆ, ಬಸವನಹುಳುಗಳ ಜೊತೆ ಯುದ್ಧ ಮಾಡಿದೆ. ಕೆಲವು ವಾರಗಳಲ್ಲಿ ಹೂ ಬಂದೇ ಬಂತು! ಹುಟ್ಟಿದ ಮೇಲೆ ಕೊತ್ತಂಬರಿಯನ್ನೂ ನೆಟ್ಟಗೆ ಬೆಳೆಸದ ನನಗೆ ತಲೆ ನಿಲ್ಲಲಿಲ್ಲ. ಗೆಳತಿಯರಿಗೆಲ್ಲ ದಿನಕ್ಕೆರಡು ಫೋಟೋ ಕಳಿಸಿದೆ. "ಅತ್ತೆ, ಇವನ್ನ ಮಾತ್ರ ಮುಟ್ಟಬೇಡಿ, ನೋಡಕ್ಕೆ ಚೆನ್ನಾಗಿದೆ" ಎಂದೂ ಹೇಳಿಬಿಟ್ಟೆ. ಅತ್ತೆ ಮತ್ತೆ ಮಾರ್ಗರೆಟ್ ಬೇಲಿಯ ಕಡೆ ನಡೆದರು. ಪೂಜೆ ಸಾಂಗವಾಗಿ ನಡೆಯಿತು. ಉಳಿದ ಎಸಳು ಒಣಗಿ ಕೊಬ್ಬರಿ ಎಣ್ಣೆಗೆ ಬಿತ್ತು. ಆ ಎಣ್ಣೆ ನನ್ನ ಒಡೆದ ಹಿಮ್ಮಡಿಗೆ ಬಂತು. ಚಿತ್ರಾನ್ನದ ಮೇಲೂ ನಾಲ್ಕು ಎಸಳು ಉದುರಿದವು. ಕದ್ದ ಮಾಲೆಂದು ಗೊತ್ತಿದ್ದೂ ನಾನು ಎರಡು ಸಲ ಬಡಿಸಿಕೊಂಡೆ.

ಒಂದು ಭಾನುವಾರ ಬಾಗಿಲು ತೆರೆದರೆ ಮಾರ್ಗರೆಟ್. ಕೈಯಲ್ಲಿ ಕತ್ತರಿ. ಅವರು ಬಾಯಿ ತೆರೆಯುವ ಮೊದಲೇ ನಾನು, ಅತ್ತೆ ಹೊಸಬರು, ದೇವರು, ಸಂಪ್ರದಾಯ ಎಂದು ಮೂರು ಸಲ ಸಾರಿ ಕೇಳಿಯಾಗಿತ್ತು.

"ಸಾರಿ ಯಾಕೆ?" ಎಂದು ಅವರು ಇಂಗ್ಲಿಷಿನಲ್ಲಿ ಅಚ್ಚರಿಪಟ್ಟರು. "ಕಿತ್ತಷ್ಟೂ ಹೂ ಬಿಡುವ ಗಿಡ ಅದು. ಮಂಡಿನೋವಿನಿಂದ ನನಗೆ ಬಗ್ಗಲಾಗುವುದಿಲ್ಲ. ನಿಮ್ಮತ್ತೆ ಬರುವ ಮೊದಲು ನನ್ನ ತೋಟ ಹೀಗೆ ಎಂದೂ ಅರಳಿರಲಿಲ್ಲ. ಈ ಕತ್ತರಿ ಅವರಿಗೆ. ನಾಳೆಯಿಂದ ಗೇಟು ತೆರೆದು ಒಳಗೇ ಬರಲಿ."

ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಗೆದ್ದದ್ದು ಗೊತ್ತಾಯಿತು. ಒಳಗಿನಿಂದ ಎಣ್ಣೆಯ ಬಾಟಲಿ ತಂದು ಮಾರ್ಗರೆಟ್ ಕೈಗಿಟ್ಟು, ತಮ್ಮ ಅಂಗೈ ಉಜ್ಜಿ ತೋರಿಸಿ, "ಫ್ಲವರ್, ಗುಡ್" ಎಂದರು. ಅಷ್ಟೇ ಸಾಕಾಯಿತು. ಆ ವಾರ ಮುಗಿಯುವುದರೊಳಗೆ ಮಾರ್ಗರೆಟ್ ಮಾತು ಕೇಳಿ ಇನ್ನೆರಡು ಮನೆಯವರು ತಮ್ಮ ತೋಟಕ್ಕೂ ಅತ್ತೆಯನ್ನು ಕರೆದರು. ಕತ್ತರಿ ಹಿಡಿದು ಬೀದಿಯಲ್ಲಿ ಅವರು ನಡೆದು ಹೋಗುವ ಗತ್ತು ನೋಡಬೇಕಿತ್ತು!

ಇತ್ತ ನನ್ನ ಹನ್ನೆರಡು ಗಿಡಗಳು ಕೀಳುವವರಿಲ್ಲದೆ ಬೀಜಕ್ಕೆ ತಿರುಗಿ, ಹೂ ಬಿಡುವುದನ್ನೇ ನಿಲ್ಲಿಸಿದವು. ಕೊನೆಗೆ ಬಿಗುಮಾನ ಬಿಟ್ಟು, "ಅತ್ತೆ, ನಮ್ಮದನ್ನೂ ಸ್ವಲ್ಪ ನೋಡ್ತೀರಾ?" ಎಂದೆ.

ಅತ್ತೆ ಚಪ್ಪಲಿ ಮೆಟ್ಟುತ್ತ ಹೇಳಿದರು: "ಈಗ ಕೈತುಂಬ ಮೂರು ಮನೆ ಇದೆ ಕಣೆ. ಬಿಡುವಾದ್ರೆ ಬರ್ತೀನಿ."